ಆತ್ಮಾನ್ವೇಷಣೆಯೂ ಸಂಘಧರ್ಮವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ನಿರ್ವಾಣಗಳೆಂಬ ಐದು ಕಲ್ಯಾಣಗಳಲ್ಲಿ ಜನಸಮೂಹದ ಉತ್ಸಾಹ ಉಕ್ಕುವುದು ಜನ್ಮಕಲ್ಯಾಣದ ದಿನ. ಅಂದು ಐರಾವತದ ಮೆರವಣಿಗೆಯಿರುತ್ತದೆ, ೧೦೦೮ ಕಲಶಗಳ ಅಭಿಷೇಕವಿರುತ್ತದೆ, ಸೌಧರ್ಮೇಂದ್ರನಾಗುವ ಭಾಗ್ಯಕ್ಕಾಗಿ ಸವಾಲು ಹಿಡಿಯುವವರ ಸಂಭ್ರಮವಿರುತ್ತದೆ. ಮರುದಿನದ ದೀಕ್ಷಾಕಲ್ಯಾಣಕ್ಕೆ ಬರುವ ಹೊತ್ತಿಗೆ ಮಂಟಪ ಸ್ವಲ್ಪ ತೆರವಾಗಿರುವುದೂ ಉಂಟು. ಆದರೆ ಐದು ಕಲ್ಯಾಣಗಳ ನಡುವಿನದು ಅದು, ಉಳಿದ ನಾಲ್ಕರ ಕೀಲಿಯೂ ಅದೇ. ಅದರಲ್ಲಿ ತೋರಿಸಲ್ಪಡುವ ದೃಶ್ಯವನ್ನು ಶ್ರಾವಕರು ಎಷ್ಟೋ ಬಾರಿ ಕಂಡಿರುವುದರಿಂದಲೇ ಅದರ ಅರ್ಥ ಕಣ್ಣಿಗೆ ಬೀಳದೆ ಹೋಗಿದೆ ಎಂದರೆ ತಪ್ಪಾಗದು.

ಆ ದೃಶ್ಯವೇನು? ನೀಲಾಂಜನೆಯ ನೃತ್ಯದ ನಡುವೆ ಮೃತ್ಯುವನ್ನು ಕಂಡ ಆದಿನಾಥನು ವಿರಕ್ತನಾಗಿ ಪಲ್ಲಕ್ಕಿಯಿಂದಿಳಿದು, ವಸ್ತ್ರಾಭರಣಗಳನ್ನು ತೊರೆದು, ಸಿದ್ಧರಿಗೆ ವಂದಿಸಿ, ಪಂಚಮುಷ್ಟಿಗಳಿಂದ ಕೇಶಲೋಚ ಮಾಡಿಕೊಳ್ಳುತ್ತಾನೆ. ಅವನಿಗೆ ದೀಕ್ಷೆ ಕೊಡುವ ಗುರು ಅಲ್ಲಿಲ್ಲ. ಅವನು ಸೇರಿಕೊಳ್ಳುವ ಸಂಘವೂ ಇಲ್ಲ. ಲೌಕಾಂತಿಕ ದೇವರು ಬಂದು ಅವನ ಸಂಕಲ್ಪವನ್ನು ಕೊಂಡಾಡುತ್ತಾರೆಯೇ ಹೊರತು ಅವನಿಗೆ ಉಪದೇಶ ಮಾಡುವುದಿಲ್ಲ. ತೀರ್ಥಂಕರನು ಸ್ವಯಂಬುದ್ಧನು. ತೀರ್ಥವನ್ನು, ಅಂದರೆ ಸಂಘವನ್ನು, ಕಟ್ಟಲಿರುವವನು ಯಾವ ಸಂಘದ ಆಸರೆಯೂ ಇಲ್ಲದೆ ಹೊರಡುತ್ತಾನೆ. ಹೊಸ ಬಸದಿಯೊಂದು ನೆಲೆಗೊಳ್ಳುವ ಮಹೋತ್ಸವದ ನಟ್ಟನಡುವೆ, ಎಲ್ಲ ಕಟ್ಟಡಗಳನ್ನೂ ಬಿಟ್ಟು ನಡೆದವನೊಬ್ಬನ ಕಥೆಯನ್ನು ಶಾಸ್ತ್ರಕಾರರು ಇಟ್ಟಿದ್ದಾರೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಜಿನಸೇನಾಚಾರ್ಯರೂ ಅವರನ್ನನುಸರಿಸಿ ಕ್ರಿ. ಶ. ೯೪೧ರಲ್ಲಿ ಕನ್ನಡದ ಆದಿಕವಿ ಪಂಪನೂ ವರ್ಣಿಸಿರುವಂತೆ, ಆದಿದೇವನೊಡನೆ ೪೦೦೦ ಮಂದಿ ಅರಸರು ಸಹ ದೀಕ್ಷಿತರಾದರು. ಒಡೆಯನು ಮಾಡಿದ್ದನ್ನು ತಾವೂ ಮಾಡಬೇಕೆಂಬ ಸ್ವಾಮಿಭಕ್ತಿಯೊಂದೇ ಅವರ ದೀಕ್ಷೆಗೆ ಕಾರಣ. ಸ್ವಾಮಿಯು ಆರು ತಿಂಗಳ ಕಾಲ ಮೌನವಾಗಿ ಪ್ರತಿಮಾಯೋಗದಲ್ಲಿ ನಿಂತುಬಿಟ್ಟಾಗ ಇವರಿಗೆ ಹಸಿವು ತಡೆಯಲಾಗಲಿಲ್ಲ. ಹಣ್ಣುಹಂಪಲು ತಿಂದರು, ನಾರುಡೆ ಉಟ್ಟರು, ತಮತಮಗೆ ತೋಚಿದ ಮತಗಳನ್ನು ಹೂಡಿದರು. ನಗ್ನತೆ ಸ್ವಾಮಿಗೂ ಇತ್ತು, ಇವರಿಗೂ ಇತ್ತು. ಮುಂದೆ ಸ್ವಾಮಿಯು ಆಹಾರಕ್ಕಾಗಿ ಊರೂರು ತಿರುಗಿದಾಗ ಜನರು ಆನೆ, ಕುದುರೆ, ರತ್ನ, ಕನ್ಯೆಯರನ್ನು ತಂದು ಒಪ್ಪಿಸಿದರೇ ಹೊರತು ಒಂದು ತುತ್ತನ್ನು ಕೊಡುವ ವಿಧಿ ಯಾರಿಗೂ ತಿಳಿದಿರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನು ಪೂರ್ವಜನ್ಮದ ನೆನಪಿನಿಂದ ಕಬ್ಬಿನ ರಸವನ್ನು ನೀಡುವವರೆಗೆ ಅವನು ಬರಿಗೈಯಲ್ಲೇ ಮರಳಬೇಕಾಯಿತು. ಭಕ್ತಿಗೆ ಕೊರತೆಯಿರಲಿಲ್ಲ. ಭಕ್ತಿಗೆ ತಿಳಿವಳಿಕೆ ಇರಲಿಲ್ಲ. ಇದೇ ಕಥೆ ಇಪ್ಪತ್ತನೆಯ ಶತಮಾನದಲ್ಲಿ ದೂಧಗಂಗೆಯ ದಂಡೆಯ ಮೇಲೆ ಮತ್ತೊಮ್ಮೆ ನಡೆಯಿತು. ಆ ಪ್ರಸಂಗವನ್ನು ಮುಂದೆ ಹೇಳಲಾಗುವುದು.

ಇಂದು ಮನೆಮನೆಯಲ್ಲಿ ಕೇಳಿಬರುವ ಒಂದು ಪ್ರಶ್ನೆಯಿದೆ. ಕಾಲೇಜಿನಲ್ಲಿ ಓದಿದ ಮಗನೋ ಮಗಳೋ ತಂದೆಯೊಡನೆ ಕೇಳುತ್ತಾರೆ: ‘ಅಪ್ಪಾ, ದೇವರು ಮನಸ್ಸಿನಲ್ಲಿದ್ದರೆ ಸಾಲದೇ? ಬಸದಿಗೆ ಹೋಗಲೇಬೇಕೇ? ಅರ್ಥ ತಿಳಿಯದ ಮಂತ್ರಕ್ಕೆ ಅರ್ಘ್ಯ ಎತ್ತಿದರೆ ಆತ್ಮಕ್ಕೆ ಏನು ಬಂತು?’ ತಂದೆಯು ಇದನ್ನು ನಾಸ್ತಿಕತೆಯೆಂದು ಭಾವಿಸಿ ಸಿಟ್ಟಾಗುತ್ತಾನೆ. ಮಕ್ಕಳು ಸುಮ್ಮನಾಗುತ್ತಾರೆ. ಸುಮ್ಮನಾದವರು ಬಸದಿಗೆ ಬರುವುದಿಲ್ಲ, ತಮ್ಮ ಪ್ರಶ್ನೆಯನ್ನು ಬೇರೆಲ್ಲಿಯೋ ಕೊಂಡೊಯ್ಯುತ್ತಾರೆ. ಆ ತಂದೆಗೂ ಆ ಮಕ್ಕಳಿಗೂ ತಿಳಿಯದ ಸಂಗತಿಯೆಂದರೆ, ಇದಕ್ಕಿಂತ ಕಟುವಾದ ಮಾತುಗಳಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ದಿಗಂಬರ ಪರಂಪರೆಯ ಆಚಾರ್ಯರೇ ಆಗಿದ್ದಾರೆ. ಆ ಆಚಾರ್ಯರಲ್ಲೊಬ್ಬರ ಗ್ರಂಥವನ್ನು ಶಾಸ್ತ್ರಶುದ್ಧವಾಗಿ ಸಂಪಾದಿಸಿ ಜಗತ್ತಿನ ಮುಂದಿಟ್ಟವರು ಇದೇ ಸೀಮೆಯ ಸದಲಗಾ ಗ್ರಾಮದ ಅರ್ಚಕ ಮನೆತನದವರು.

ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ೧೯೦೬ರ ಫೆಬ್ರವರಿ ೬ರಂದು ಸದಲಗಾದಲ್ಲಿ ಜನಿಸಿದರು. ಅವರ ಉಪನಾಮವೇ ಹೇಳುವಂತೆ, ಬಸದಿಯ ಪೂಜೆ ಪುರಸ್ಕಾರಗಳನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಮನೆತನ ಅವರದು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಪ್ರಾಧ್ಯಾಪಕರಾಗಿದ್ದು, ೧೯೩೫ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನೂ ೧೯೩೭ರಲ್ಲಿ ಯೋಗೀಂದು ದೇವರ ಪರಮಾತ್ಮಪ್ರಕಾಶವನ್ನೂ ಹೊರತಂದರು. ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ೧೯೭೫ರಲ್ಲಿ ತೀರಿಕೊಂಡರು. ಅವರ ಪಾಂಡಿತ್ಯವನ್ನು ಕೊಂಡಾಡಿದವರು ಬಹಳ. ಅವರು ಸಂಪಾದಿಸಿದ ಗ್ರಂಥದೊಳಗೆ ಏನಿದೆಯೆಂದು ಓದಿ ನೋಡಿದವರು ಈ ಸೀಮೆಯಲ್ಲಿ ಎಷ್ಟು ಮಂದಿ?

ಪರಮಾತ್ಮಪ್ರಕಾಶವು ಅಪಭ್ರಂಶ ಭಾಷೆಯ ದೋಹೆಗಳ ಗ್ರಂಥ. ಭಟ್ಟ ಪ್ರಭಾಕರನೆಂಬ ಶಿಷ್ಯನು ಸಂಸಾರದ ದುಃಖದಿಂದ ಬಳಲಿ ಗುರುವಿನ ಬಳಿ ಬಂದು, ಈ ದುಃಖವನ್ನು ಕಳೆಯುವ ಪರಮಾತ್ಮನಾರೆಂದು ಕೇಳುತ್ತಾನೆ. ಗುರುವು ಅವನನ್ನು ಯಾವ ತೀರ್ಥಕ್ಕೂ ಕಳುಹಿಸುವುದಿಲ್ಲ. ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ನೆಲೆಗಳನ್ನು ವಿವರಿಸಿ, ದೇಹವೇ ತಾನೆಂದು ನಂಬಿದವನು ಮೊದಲನೆಯವನು, ದೇಹದಿಂದ ತಾನು ಬೇರೆಯೆಂದು ಅರಿತವನು ಎರಡನೆಯವನು, ಆ ಅರಿವಿನಲ್ಲಿ ನೆಲೆಸಿ ಕರ್ಮವನ್ನು ಕಳಚಿದವನು ಮೂರನೆಯವನು ಎನ್ನುತ್ತಾನೆ. ಗುಡಿಯ ಮೂರ್ತಿಗಿಂತ ಸಮಭಾವ ನೆಲೆಸಿದ ಚಿತ್ತವನ್ನೇ ಪರಮಾತ್ಮನ ನಿಜವಾದ ನೆಲೆಯೆಂದು ಎಣಿಸುವ ಈ ಕವಿ, ಶಿಷ್ಯರ ಸಂಖ್ಯೆಯಲ್ಲಿಯೂ ಗ್ರಂಥಗಳ ರಾಶಿಯಲ್ಲಿಯೂ ಹಿಗ್ಗುವ ಮುನಿಗಳನ್ನು ಸಹ ಬಿಟ್ಟುಕೊಡುವುದಿಲ್ಲ. ಅವರದೇ ಯೋಗಸಾರದಲ್ಲಿ ಆತ್ಮವನ್ನು ಶಿವ, ವಿಷ್ಣು, ಬುದ್ಧ, ಜಿನ ಎಂದು ಯಾವ ಹೆಸರಿನಿಂದ ಕರೆದರೂ ಅಡ್ಡಿಯಿಲ್ಲವೆಂಬ ವಿಶಾಲ ದೃಷ್ಟಿ ಕಾಣುತ್ತದೆ. ಕುಂದಕುಂದರು ಸಮಯಸಾರದಲ್ಲಿ ಪಾಪವನ್ನು ಕಬ್ಬಿಣದ ಬೇಡಿಗೂ ಪುಣ್ಯವನ್ನು ಬಂಗಾರದ ಬೇಡಿಗೂ ಹೋಲಿಸಿ, ಎರಡೂ ಬೇಡಿಗಳೇ ಎಂದಿರುವುದನ್ನು ಇದರೊಡನೆ ನೆನೆಯಬಹುದು. ಮುನಿಯ ವೇಷವಾಗಲಿ ಗೃಹಸ್ಥನ ವೇಷವಾಗಲಿ ತನ್ನಷ್ಟಕ್ಕೆ ಮೋಕ್ಷಮಾರ್ಗವಲ್ಲವೆಂದೂ ಆ ಆಚಾರ್ಯರು ನಿಸ್ಸಂದಿಗ್ಧವಾಗಿ ಹೇಳಿದ್ದಾರೆ.

ಪೂಜೆಯಿಂದ ಬದುಕುವ ಮನೆತನದಲ್ಲಿ ಹುಟ್ಟಿದ ಒಬ್ಬ ಯುವಕನು ಇಂಥ ಗ್ರಂಥದ ಒಂದೊಂದು ಪಾಠಾಂತರಕ್ಕಾಗಿಯೂ ವರ್ಷಗಟ್ಟಲೆ ಶ್ರಮಿಸಿದನೆಂಬುದು ಸಣ್ಣ ಮಾತಲ್ಲ. ಅವನಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು, ಬಾಲಚಂದ್ರನ ಕನ್ನಡ ಟೀಕೆಯೂ ಇತ್ತು. ಆ ಪ್ರತಿಗಳು ಉಳಿದದ್ದು ಎಲ್ಲಿ? ಮಠಗಳಲ್ಲಿ, ಬಸದಿಗಳಲ್ಲಿ, ಶ್ರಾವಕರ ಮನೆಗಳ ಸಂದೂಕಗಳಲ್ಲಿ. ಗುಡಿಯಲ್ಲಿ ದೇವರಿಲ್ಲವೆಂಬ ಧಾಟಿಯ ಗ್ರಂಥವನ್ನು ಶತಮಾನಗಳ ಕಾಲ ಗೆದ್ದಲಿನಿಂದ ಕಾಪಾಡಿದ್ದು ಗುಡಿಯೇ. ಆ ಗ್ರಂಥ ಅಚ್ಚಾದ ರಾಯಚಂದ್ರ ಜೈನ ಶಾಸ್ತ್ರಮಾಲೆಯ ಹೆಸರಿಗೂ ಇಲ್ಲಿ ಸಂಬಂಧವಿದೆ. ಶ್ರೀಮದ್ ರಾಜಚಂದ್ರರು (೧೮೬೭-೧೯೦೧) ಮುಂಬಯಿಯಲ್ಲಿ ರತ್ನವ್ಯಾಪಾರ ಮಾಡುತ್ತಿದ್ದ ಗೃಹಸ್ಥರು. ಯಾವ ಗಚ್ಛಕ್ಕೂ ಕಟ್ಟುಬೀಳದೆ ಆತ್ಮಚಿಂತನೆ ನಡೆಸಿದವರು. ದಕ್ಷಿಣ ಆಫ್ರಿಕದಲ್ಲಿ ಮತಾಂತರದ ಒತ್ತಾಯಗಳ ನಡುವೆ ಕಳವಳಗೊಂಡಿದ್ದ ಮೋಹನದಾಸ ಗಾಂಧಿಯವರು ೧೮೯೪ರಲ್ಲಿ ೨೭ ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದು ಇವರಿಗೇ. ಅವರ ಉತ್ತರದಿಂದ ಗಾಂಧಿಯವರಿಗೆ ಸಮಾಧಾನ ದೊರೆಯಿತು. ವಿಚಿತ್ರವೆಂದರೆ ರಾಜಚಂದ್ರರು ಅವರನ್ನು ಜೈನರಾಗೆಂದು ಕರೆಯಲಿಲ್ಲ.

ಇಷ್ಟು ಕೇಳಿದ ಮೇಲೆ ತರುಣರು, ಹಾಗಾದರೆ ಬಸದಿಯನ್ನು ಬಿಟ್ಟುಬಿಡಬಹುದಲ್ಲವೇ ಎಂದಾರು. ಹಾಗೆ ಬಿಟ್ಟು ನೋಡಿದವನೊಬ್ಬನ ಅನುಭವ ಲಿಖಿತವಾಗಿ ಉಳಿದಿದೆ. ಆಗ್ರಾದ ವ್ಯಾಪಾರಿ ಕವಿ ಬನಾರಸೀದಾಸನು ೧೫೮೬ರಲ್ಲಿ ಹುಟ್ಟಿದವನು. ೧೬೪೧ರಲ್ಲಿ ಬರೆದ ಅರ್ಧಕಥಾನಕವೆಂಬ ಆತ್ಮಕಥೆಯಲ್ಲಿ ಅವನು ತನ್ನ ತಪ್ಪನ್ನು ಮುಚ್ಚಿಟ್ಟಿಲ್ಲ. ರಾಜಮಲ್ಲನ ಟೀಕೆಯೊಡನೆ ಸಮಯಸಾರವನ್ನು ಓದಿದ ಆತನಿಗೆ ಕ್ರಿಯಾಕಾಂಡದ ಮೇಲಿನ ನಂಬಿಕೆ ಹಾರಿಹೋಯಿತು, ಆತ್ಮದ ರುಚಿಯೂ ಹತ್ತಲಿಲ್ಲ. ಸಾಮಾಯಿಕ, ಪ್ರತಿಕ್ರಮಣಗಳನ್ನು ಬಿಟ್ಟನು, ದೇವರಿಗೆ ಅರ್ಪಿಸಿದ್ದನ್ನು ತಿಂದನು. ಮೂವರು ಗೆಳೆಯರೊಡನೆ ಕೋಣೆಯೊಂದರಲ್ಲಿ ಬತ್ತಲೆಯಾಗಿ ಸುತ್ತುತ್ತ, ತಾವು ನಿಷ್ಪರಿಗ್ರಹಿ ಮುನಿಗಳಾದೆವೆಂದು ನಗುತ್ತಿದ್ದನು. ಆದಿನಾಥನೊಡನೆ ಬಟ್ಟೆ ಕಳಚಿದ ನಾಲ್ಕು ಸಾವಿರ ಅರಸರಿಗೂ ಈ ನಾಲ್ವರಿಗೂ ಏನು ಭೇದ? ಒಬ್ಬರಿಗೆ ಸಂಪ್ರದಾಯದ ಕುರುಡು ಅನುಕರಣೆ, ಇನ್ನೊಬ್ಬರಿಗೆ ಸಂಪ್ರದಾಯದ ಕುರುಡು ನಿರಾಕರಣೆ. ಎರಡರಲ್ಲಿಯೂ ಆತ್ಮವನ್ನು ಯಾರೂ ನೋಡಲಿಲ್ಲ.

ಸುಮಾರು ಹನ್ನೆರಡು ವರ್ಷ ಹೀಗೆ ಕಳೆದ ಮೇಲೆ ರೂಪಚಂದನೆಂಬ ಪಂಡಿತನು ಆಗ್ರಾಕ್ಕೆ ಬಂದು ಗೊಮ್ಮಟಸಾರದ ಪ್ರವಚನ ಮಾಡಿದನು. ಯಾವ ಗುಣಸ್ಥಾನದಲ್ಲಿರುವ ಜೀವಕ್ಕೆ ಯಾವ ಕ್ರಿಯೆ ಯೋಗ್ಯವೆಂಬುದನ್ನು ತಿಳಿದಾಗ ಬನಾರಸೀದಾಸನ ಸಂಶಯ ಕರಗಿತು. ಮೇಲಿನ ಮೆಟ್ಟಿಲಲ್ಲಿ ನಿಂತವನಿಗೆ ಬೇಡವಾದ ಆಸರೆ, ಕೆಳಗಿನ ಮೆಟ್ಟಿಲಲ್ಲಿರುವವನಿಗೆ ಬೇಕೇ ಬೇಕು. ಆಸರೆ ಬೇಡವೆಂದು ಹೇಳಿಕೊಂಡ ಮಾತ್ರಕ್ಕೆ ಯಾರೂ ಮೇಲೇರುವುದಿಲ್ಲ. ಗೊಮ್ಮಟಸಾರವನ್ನು ಬರೆದವರು ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥವೊಂದು ಆರು ಶತಮಾನಗಳ ತರುವಾಯ ಉತ್ತರದ ವ್ಯಾಪಾರಿಯೊಬ್ಬನನ್ನು ಹಾದಿಗೆ ತಂದಿತೆಂಬುದು ಇಲ್ಲಿಯ ಶ್ರಾವಕರು ಹೆಮ್ಮೆಪಡಬೇಕಾದ ವಿಷಯ.

ಇನ್ನು ಸಂಸ್ಥೆಯೇ ಸಾಧಕನನ್ನು ಹೊರದೂಡಿದ ಉದಾಹರಣೆಗಳೂ ಇಲ್ಲದಿಲ್ಲ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ತನ್ನ ಭರತೇಶ ವೈಭವವನ್ನು ಆನೆಯ ಮೇಲೆ ಮೆರೆಸಬೇಕೆಂದು ಬಯಸಿದಾಗ, ಭಟ್ಟಾರಕರು ಅದರಲ್ಲಿ ಶಾಸ್ತ್ರವಿರೋಧವಿದೆಯೆಂದು ತಡೆದರಂತೆ. ನೊಂದ ಕವಿ ಲಿಂಗಧಾರಣೆ ಮಾಡಿಕೊಂಡು ವೀರಶೈವನಾದನು, ಬಳಿಕ ಮರಳಿ ಬಂದನು ಎಂದು ದೇವಚಂದ್ರನ ರಾಜಾವಳಿ ಕಥೆಯ ಐತಿಹ್ಯ. ಅದರ ಸತ್ಯಾಸತ್ಯತೆ ಹೇಗಾದರೂ ಇರಲಿ. ಅರಮನೆಯಲ್ಲಿದ್ದುಕೊಂಡೇ ಆತ್ಮಧ್ಯಾನ ಮಾಡುವ ಭರತನನ್ನು ಚಿತ್ರಿಸಿದ ಆ ಕಾವ್ಯವನ್ನು ಇಂದು ಬಸದಿಗಳಲ್ಲಿಯೇ ಓದುತ್ತಾರೆ. ತಡೆದವರ ಹೆಸರು ಯಾರಿಗೆ ನೆನಪಿದೆ?

ಈಗ ಮೊದಲು ಸೂಚಿಸಿದ ಪ್ರಸಂಗಕ್ಕೆ ಬರಬಹುದು. ನಿಪ್ಪಾಣಿಗೆ ಸಮೀಪದಲ್ಲಿ, ವೇದಗಂಗಾ ದೂಧಗಂಗಾ ನದಿಗಳು ಕೂಡುವಲ್ಲಿರುವ ಭೋಜ ಗ್ರಾಮವನ್ನು ಅರಿಯದ ಜೈನರಿಲ್ಲ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಸತ್ಯವತಿಯರ ಮಗ ಸಾತಗೌಡನು ೧೮೭೨ರಲ್ಲಿ ತಾಯಿಯ ತವರಾದ ಯಳಗುಡದಲ್ಲಿ ಹುಟ್ಟಿದನು. ಬಾಲ್ಯದಲ್ಲೇ ಮದುವೆಯಾಯಿತು, ಕೆಲವು ತಿಂಗಳಲ್ಲೇ ಆ ಬಾಲೆ ತೀರಿಕೊಂಡಳು. ಮರುವಿವಾಹಕ್ಕೆ ಅವನು ಒಪ್ಪಲಿಲ್ಲ. ದೀಕ್ಷೆಯ ಬಯಕೆ ಯೌವನದಲ್ಲೇ ಮೂಡಿದರೂ, ತಾವಿರುವವರೆಗೆ ಮನೆಬಿಡಬಾರದೆಂಬ ತಂದೆಯ ಮಾತಿಗೆ ಕಟ್ಟುಬಿದ್ದು ಬಟ್ಟೆಯ ಅಂಗಡಿಯಲ್ಲಿ ಕುಳಿತನು. ಗಿರಾಕಿಗಳಿಗೆ ತಾವೇ ಅಳೆದುಕೊಂಡು ಹಣವಿಟ್ಟು ಹೋಗಿರೆಂದು ಹೇಳುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ. ಊರಿಗೆ ಮುನಿಗಳು ಬಂದಾಗ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಗಮದ ಹೊಳೆ ದಾಟಿಸುತ್ತಿದ್ದನು. ತಂದೆತಾಯಿಗಳು ಇಬ್ಬರೂ ಗತಿಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಉತ್ತೂರಿನಲ್ಲಿ ದೇವಪ್ಪ ಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದನು.

ಆ ಕಾಲದ ದಿಗಂಬರ ಮುನಿಚರ್ಯೆಯ ಸ್ಥಿತಿ ಹೇಗಿತ್ತೆಂಬುದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಸಮಾಜದ ಧಾರ್ಮಿಕ ವ್ಯವಹಾರವೆಲ್ಲ ಭಟ್ಟಾರಕ ಪೀಠಗಳ ಹಾಗೂ ಉಪಾಧ್ಯಾಯರ ಕೈಯಲ್ಲಿತ್ತು. ಮುನಿಗಳು ಬೆರಳೆಣಿಕೆಯಷ್ಟು. ಅವರು ಊರೊಳಗೆ ಬರುವಾಗ ವಸ್ತ್ರ ಹೊದ್ದು ಬರುತ್ತಿದ್ದರು. ಉಪಾಧ್ಯಾಯರು ಮೊದಲೇ ಗೊತ್ತುಮಾಡಿದ ಮನೆಗೆ ಹೋಗಿ ಅಲ್ಲಿ ಆಹಾರ ಸ್ವೀಕರಿಸುತ್ತಿದ್ದರು. ಅಂತರಾಯದ ಶಬ್ದ ಕಿವಿಗೆ ಬೀಳದಿರಲೆಂದು ಆಹಾರದ ಸಮಯದಲ್ಲಿ ಗಂಟೆ ಬಾರಿಸುವ ರೂಢಿಯೂ ಇತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಶತಮಾನಗಳ ಪರರಾಜ್ಯ, ಭಯ, ಬಡತನಗಳ ನಡುವೆ ಮುನಿಧರ್ಮವನ್ನು ಹೇಗೋ ಉಳಿಸಿಕೊಳ್ಳಲು ಸಮಾಜ ಕಂಡುಕೊಂಡ ಉಪಾಯಗಳವು. ಆದರೆ ಉಪಾಯವೇ ಶಾಸ್ತ್ರವಾಗಿ ಕುಳಿತಿತ್ತು.

ಹೊಸ ಕ್ಷುಲ್ಲಕರು ಶಾಸ್ತ್ರವನ್ನು ಕೇಳಿದರು, ಓದಿಸಿ ತಿಳಿದುಕೊಂಡರು. ತನಗಾಗಿಯೇ ಸಿದ್ಧಪಡಿಸಿದ ಉದ್ದಿಷ್ಟ ಆಹಾರವನ್ನು ತ್ಯಾಗಿಯು ಸ್ವೀಕರಿಸಕೂಡದೆಂದು ಅಲ್ಲಿತ್ತು. ಗೊತ್ತುಮಾಡಿದ ಮನೆಗೆ ತಾವು ಬರುವುದಿಲ್ಲವೆಂದು ಅವರು ತಿಳಿಸಿದರು. ಉಪಾಧ್ಯಾಯರಿಗೆ ಅಸಮಾಧಾನವಾಯಿತು. ಶ್ರಾವಕರಿಗೆ ಗೊಂದಲವಾಯಿತು, ಏಕೆಂದರೆ ಬಾಗಿಲಲ್ಲಿ ನಿಂತು ಪ್ರತಿಗ್ರಹಿಸುವ ವಿಧಿ ಅವರಿಗೆ ಮರೆತೇ ಹೋಗಿತ್ತು. ಎಷ್ಟೋ ದಿನ ಅವರು ಉಪವಾಸವಿರಬೇಕಾಯಿತು. ಆನೆ ಕುದುರೆಗಳನ್ನು ತಂದು ನಿಲ್ಲಿಸಿ ತುತ್ತು ಕೊಡಲರಿಯದ ಆದಿನಾಥನ ಕಾಲದ ಪ್ರಜೆಗಳಿಗೂ, ಭೋಜ ಸೀಮೆಯ ಈ ಭಕ್ತರಿಗೂ ನಡುವೆ ಏನು ಅಂತರ? ಅಲ್ಲಿ ವಿಧಿ ಇನ್ನೂ ಹುಟ್ಟಿರಲಿಲ್ಲ, ಇಲ್ಲಿ ಮಾಸಿಹೋಗಿತ್ತು, ಅಷ್ಟೇ. ಹಸಿದವರ ಹಠದಿಂದ ಜನ ಮೆಲ್ಲಗೆ ಕಲಿತರು. ಇಂದು ಮುನಿಗಳು ಬಂದಾಗ ಮನೆಮನೆಯ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುವ ಶ್ರಾವಿಕೆಯರು ಅದನ್ನು ಅನಾದಿಕಾಲದ ಪದ್ಧತಿಯೆಂದೇ ತಿಳಿದಿದ್ದಾರೆ. ಅನಾದಿಕಾಲದ್ದೇ ಹೌದು. ಆದರೆ ನೂರು ವರ್ಷಗಳ ಹಿಂದೆ ಒಬ್ಬರು ಉಪವಾಸ ಬಿದ್ದುದರಿಂದ ಅದು ಮರಳಿ ಬಂತು.

ಇನ್ನೊಂದು ಘಟನೆ ಇದಕ್ಕಿಂತ ಹೆಚ್ಚು ಗಮನಾರ್ಹ. ಗಿರನಾರ ಕ್ಷೇತ್ರಕ್ಕೆ ಹೋದಾಗ ಅವರು ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಮೇಲುವಸ್ತ್ರವನ್ನು ತಾವೇ ತೊರೆದು, ಲಂಗೋಟಿ ಮಾತ್ರ ಉಳಿಸಿಕೊಂಡು ಐಲಕರಾದರು. ಅಲ್ಲಿ ದೀಕ್ಷೆ ಕೊಡುವ ಗುರುವಿರಲಿಲ್ಲ, ಸಂಘದ ಅಪ್ಪಣೆಯಿರಲಿಲ್ಲ, ಮಂಟಪವಿರಲಿಲ್ಲ. ಆ ಕ್ಷಣಕ್ಕೆ ಅವರು ದೀಕ್ಷಾಕಲ್ಯಾಣದ ಆದಿನಾಥನಿಗೆ ಅತಿ ಸಮೀಪದಲ್ಲಿದ್ದರು. ಆದರೂ ಅವರು ತಾವೊಂದು ಹೊಸ ಮಾರ್ಗ ಕಂಡೆವೆಂದು ಸಾರಲಿಲ್ಲ. ೧೯೨೦ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಗುರುವಿನ ಮುಂದೆ ಕೈಮುಗಿದು ನಿಂತು ನಿರ್ಗ್ರಂಥ ದೀಕ್ಷೆಯನ್ನು ಪಡೆದು ಶಾಂತಿಸಾಗರರಾದರು. ಒಬ್ಬಂಟಿಯಾಗಿ ನಿಲ್ಲುವ ಧೈರ್ಯವೂ, ಮತ್ತೊಬ್ಬರ ಮುಂದೆ ತಲೆಬಾಗುವ ವಿನಯವೂ ಒಬ್ಬನಲ್ಲಿಯೇ ಇರಲು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣ ಬೇಡ. ೧೯೨೪ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದ ಪ್ರಾಪ್ತವಾಯಿತು. ಮುಂದೆ ಸಂಘಸಮೇತರಾಗಿ ಉತ್ತರ ಭಾರತವನ್ನು ಕಾಲ್ನಡಿಗೆಯಲ್ಲಿ ಸಂಚರಿಸಿ, ದಿಗಂಬರ ಮುನಿಗಳ ದರ್ಶನವೇ ಇಲ್ಲದಿದ್ದ ಪ್ರಾಂತಗಳಲ್ಲಿ ಮುನಿವಿಹಾರವನ್ನು ಮರಳಿ ಆರಂಭಿಸಿದರು. ಧವಲಾದಿ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸುವ ಕಾರ್ಯಕ್ಕೆ ಪ್ರೇರಣೆ ನೀಡಿದರು. ಒಬ್ಬನ ಏಕಾಂತ ಸಾಧನೆ ಹೀಗೆ ಒಂದು ದೊಡ್ಡ ಪರಂಪರೆಯಾಯಿತು. ಶೇಡಬಾಳದಲ್ಲಿ ೧೯೨೫ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರೂ, ಸದಲಗಾದಲ್ಲಿ ೧೯೪೬ರಲ್ಲಿ ಜನಿಸಿ ೨೦೨೪ರಲ್ಲಿ ಡೋಂಗರಗಢದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರೂ ಇದೇ ಮಣ್ಣಿನವರು.

ಪರಂಪರೆಯಾದೊಡನೆ ಪರಂಪರೆಯ ಸಮಸ್ಯೆಗಳೂ ಬಂದವು ಎಂಬುದನ್ನು ಹೇಳದಿದ್ದರೆ ಉಪನ್ಯಾಸ ಅಪೂರ್ಣವಾದೀತು. ಮುಂಬಯಿ ಪ್ರಾಂತದ ೧೯೪೭ರ ಹರಿಜನ ದೇವಾಲಯ ಪ್ರವೇಶ ಕಾಯಿದೆಯನ್ನು ಜೈನ ಬಸದಿಗಳಿಗೂ ಅನ್ವಯಿಸಿದಾಗ, ಜೈನ ಧರ್ಮವು ಹಿಂದೂ ಧರ್ಮದಿಂದ ಸ್ವತಂತ್ರವಾದುದೆಂಬ ನೆಲೆಯಲ್ಲಿ ಆಚಾರ್ಯಶ್ರೀಗಳು ೧೯೪೮ರಿಂದ ಸುಮಾರು ೩ ವರ್ಷ ಅನ್ನವನ್ನು ತ್ಯಜಿಸಿದರು. ೧೯೫೧ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಜೈನರ ಪರವಾಗಿ ಬಂದ ಮೇಲಷ್ಟೇ ಅನ್ನಗ್ರಹಣ ಮಾಡಿದರು. ಎಂಬತ್ತರ ಹತ್ತಿರದ ವೃದ್ಧರ ಆ ತ್ಯಾಗವನ್ನು ಸಮಾಜ ಕೃತಜ್ಞತೆಯಿಂದ ನೆನೆಯುತ್ತದೆ. ಧರ್ಮದ ಸ್ವತಂತ್ರ ಅಸ್ತಿತ್ವದ ಪ್ರಶ್ನೆ ದೊಡ್ಡದೇ. ಆದರೆ ಆ ಹೋರಾಟದಲ್ಲಿ ಬಾಗಿಲ ಹೊರಗೆ ನಿಂತವರು ಯಾರಾಗಿದ್ದರೆಂಬುದನ್ನು ಇಂದಿನ ತರುಣರು ಕೇಳುತ್ತಾರೆ. ಕೇಳುವುದು ಸಹಜ. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವಿತ್ತೆಂದು ಪ್ರತಿಷ್ಠೆಯ ನಾಲ್ಕನೆಯ ದಿನ ವರ್ಣಿಸುವ ಸಮಾಜವು ಆ ಪ್ರಶ್ನೆಗೆ ಸಿಡುಕದೆ ಉತ್ತರ ಹುಡುಕಬೇಕಾಗಿದೆ. ಬೇಲಿಯಿಲ್ಲದೆ ಬೆಳೆ ಉಳಿಯದು ನಿಜ. ಆದರೆ ಬೇಲಿಯೇ ಹೊಲವೆಂದು ತಿಳಿಯುವ ಅಪಾಯ ಸಂಘಧರ್ಮಕ್ಕೆ ಯಾವಾಗಲೂ ಇದ್ದದ್ದೇ.

ಸಂಘಗಳನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ೧೮೯೯ರಲ್ಲಿ ನಿಪ್ಪಾಣಿಯ ಪಕ್ಕದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪಿತವಾಗದಿದ್ದರೆ ಈ ಭಾಗದ ಒಕ್ಕಲು ಮಕ್ಕಳು ಶಾಲೆ, ವಸತಿಗೃಹಗಳ ಮುಖ ಕಾಣುವುದು ಇನ್ನೆಷ್ಟು ತಡವಾಗುತ್ತಿತ್ತೋ. ಅದೇ ಸ್ತವನಿಧಿಯ ಬ್ರಹ್ಮದೇವರಿಗೆ ತೆಂಗಿನಕಾಯಿ ಒಡೆದು ಮಗಳ ಮದುವೆಯನ್ನೋ ಮಳೆಯನ್ನೋ ಬೇಡಿಕೊಳ್ಳುವ ತಾಯಿಯನ್ನು ಕಂಡು ನಗುವ ಅಧಿಕಾರ ಸಮಯಸಾರವನ್ನು ಬಾಯಿಪಾಠ ಮಾಡಿದವನಿಗೂ ಇಲ್ಲ. ಅವಳು ನಿಂತ ಮೆಟ್ಟಿಲಲ್ಲಿ ಅವಳು ಪ್ರಾಮಾಣಿಕಳಾಗಿದ್ದಾಳೆ. ಆದರೆ ಪಕ್ಕದ ಗರ್ಭಗೃಹದಲ್ಲಿ ಏನನ್ನೂ ಕೊಡದೆ, ಏನನ್ನೂ ಕೇಳದೆ ಕುಳಿತ ಪಾರ್ಶ್ವನಾಥನ ಕಡೆಗೆ ಅವಳನ್ನು ಒಂದು ಹೆಜ್ಜೆ ಕರೆತರುವ ಕೆಲಸವನ್ನು ಯಾವ ಸಮಿತಿ ವಹಿಸಿಕೊಂಡಿದೆ? ಪ್ರತಿಷ್ಠೆಗಳಾಗುತ್ತವೆ, ಶಿಖರಗಳೇರುತ್ತವೆ, ದಾನಿಗಳ ಹೆಸರುಗಳು ಅಮೃತಶಿಲೆಯಲ್ಲಿ ಕೆತ್ತಲ್ಪಡುತ್ತವೆ. ಒಂದು ಮೂಲೆಯಲ್ಲಿ ಒಬ್ಬನು ಒಂದು ಗಳಿಗೆ ಕಣ್ಮುಚ್ಚಿ ಕುಳಿತುಕೊಳ್ಳಲು ಸದ್ದಿಲ್ಲದ ಜಾಗ ಉಳಿದಿದೆಯೇ ಎಂದು ನೋಡುವವರು ಕಡಿಮೆ.

ಈ ಮಾತನ್ನು ಹೇಳಲು ಅತ್ಯಂತ ಅಧಿಕಾರವುಳ್ಳವರು ಹೇಳಿಯೇ ಹೋಗಿದ್ದಾರೆ. ೧೯೫೫ರ ಆಗಸ್ಟಿನಲ್ಲಿ ಆಚಾರ್ಯ ಶಾಂತಿಸಾಗರರು ಕುಂಥಲಗಿರಿಯಲ್ಲಿ ಯಮಸಲ್ಲೇಖನವನ್ನು ಸ್ವೀಕರಿಸಿದರು. ಕಣ್ಣುಗಳ ಶಕ್ತಿ ಕುಂದಿತ್ತು. ಸೆಪ್ಟೆಂಬರ್ ೮ರಂದು, ಸಲ್ಲೇಖನದ ೨೬ನೆಯ ದಿನ, ಸುಮಾರು ಇಪ್ಪತ್ತು ನಿಮಿಷಗಳ ಕಾಲ ಮರಾಠಿಯಲ್ಲಿ ಅವರು ನೀಡಿದ ಅಂತಿಮ ಸಂದೇಶವನ್ನು ಧ್ವನಿಮುದ್ರಣ ಮಾಡಲಾಯಿತು. ಬಸದಿಗಳನ್ನು ಕಟ್ಟಿರೆಂದು, ಸಂಘವನ್ನು ಬೆಳೆಸಿರೆಂದು, ತಮ್ಮ ಹೆಸರನ್ನು ಉಳಿಸಿರೆಂದು ಆ ಕೊನೆಯ ಮಾತಿನಲ್ಲಿ ಅವರು ಕೇಳಿಕೊಳ್ಳಲಿಲ್ಲ. ದಾನ, ಪೂಜೆ, ತೀರ್ಥಯಾತ್ರೆಗಳಿಂದ ಪುಣ್ಯ ದೊರೆಯುತ್ತದೆ, ಕರ್ಮದ ನಿರ್ಜರೆಗಾದರೋ ಆತ್ಮಚಿಂತನೆಯೊಂದೇ ಸಾಧನ ಎಂಬುದು ಅದರ ಸಾರ. ದಿನಕ್ಕೆ ಆರು ಗಳಿಗೆ ಕುಳಿತರೆ ಉತ್ತಮ, ನಾಲ್ಕು ಮಧ್ಯಮ, ಎರಡು ಕನಿಷ್ಠವೆಂದರು. ಅದೂ ಆಗದವರಿಗೆ ಹತ್ತು ಹದಿನೈದು ನಿಮಿಷವೆಂದರು. ಕೊನೆಗೆ ಐದು ನಿಮಿಷಕ್ಕೂ ಇಳಿದರು. ಆಹಾರದ ವಿಷಯದಲ್ಲಿ ಶಾಸ್ತ್ರದಿಂದ ಕೂದಲೆಳೆಯಷ್ಟೂ ಸರಿಯದೆ ಉಪವಾಸವಿದ್ದ ವ್ಯಕ್ತಿ, ಇನ್ನೊಬ್ಬರ ಆತ್ಮದ ಪ್ರಶ್ನೆ ಬಂದಾಗ ಐದೇ ನಿಮಿಷಕ್ಕೆ ಒಪ್ಪಿಕೊಂಡರು. ಹೆದರಬೇಡಿ ಎಂದೂ ಹೇಳಿದರು.

ಅದಾದ ಹತ್ತು ದಿನಗಳಿಗೆ, ಸೆಪ್ಟೆಂಬರ್ ೧೮ರಂದು, ಅವರು ದೇಹವನ್ನು ತ್ಯಜಿಸಿದರು. ಆ ಧ್ವನಿ ಉಳಿದಿದೆ. ದೂರದ ಊರುಗಳಲ್ಲಿ ಅದನ್ನು ಹಿಂದಿಗೆ ಅನುವಾದಿಸಿಕೊಂಡು ಓದುತ್ತಾರೆ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ನಿಪ್ಪಾಣಿ ಸೀಮೆಯವರಿಗೆ ಅನುವಾದವೂ ಬೇಕಾಗಿಲ್ಲ.